ಸಿಂಹ ಹೊತ್ತ ಕಾರು

ರಿಮೋಟ್ ಕಾರಿನ ತಂಡಕ್ಕೆ ಗುರುಬಸವನನ್ನು ನಾಯಕನನ್ನಾಗಿ ಮಾಡಿದ ದಿನವೇ ಶಿವಗಂಗಾಳಿಗೆ ನಗು ಬಂದಿತ್ತು. ತಾಂಡೂರಿನ ಸ್ಪರ್ಧೆಗೆ ವಿದ್ಯಾರ್ಥಿಗಳೇ ಕಾರಿನ ವಿನ್ಯಾಸ ಮಾಡಿ, ಕಟ್ಟಿ, ಓಡಿಸಬೇಕಿತ್ತು. ಗುರುಬಸವ ಮೊದಲು ಮಾಡಿದ್ದು ಟೀ ಶರ್ಟಿನ ವಿನ್ಯಾಸ. ಆಮೇಲೆ ಕಾರಿಗೆ ‘ಸಿಂಹ’ ಎಂದು ಹೆಸರಿಟ್ಟ. ಅಷ್ಟಕ್ಕೇ ದಣಿದು ಚಹಾ ಕುಡಿಯಲು ಹೋದ.

ಅವನು ನಾರಾಯಣಖೇಡದ ಬಟ್ಟೆ ಅಂಗಡಿಯವರ ಮಗ. ಶಿವಗಂಗಾ ಕಂಗ್ಟಿಯವಳು. ಇಬ್ಬರೂ ಗಡಿಯಾಚೆ ತೆಲುಗು ಸೀಮೆಯ ಜಹೀರಾಬಾದಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದರು. ಕಾರಿನ ಅಡಿಚೌಕಟ್ಟಾದ ಚಾಸಿಗೆ ಅಲ್ಯೂಮಿನಿಯಂ ಪಟ್ಟಿ ಕೊಯ್ದವಳು, ಗೇರು ಕೂರಿಸಿದವಳು, ಸ್ಟೀರಿಂಗ್ ಒಂದೇ ಕಡೆ ಎಳೆಯುತ್ತದೆಂದು ಬಿಚ್ಚಿ ಮತ್ತೆ ಕಟ್ಟಿದವಳು ಶಿವಗಂಗಾ. ಮೋಟರು, ಬ್ಯಾಟರಿ, ವೈರಿಂಗೆಲ್ಲ ಕಲ್ಹೇರಿನ ಮೌನಿಕಾಳದು. ನಾಯಕ ಇವರಿಬ್ಬರ ಬೆನ್ನ ಹಿಂದೆ ನಿಂತು ವಿಡಿಯೊ ಮಾಡುತ್ತಿದ್ದ.

ವಿಭಾಗದ ಮುಖ್ಯಸ್ಥರು ತುಳಸಿರಾಮ ಸರ್. ಬೀದರ ಕಡೆಯವರಾದ್ದರಿಂದ ಗಡಿಯ ಮಕ್ಕಳೊಡನೆ ಕನ್ನಡದಲ್ಲೇ ಮಾತಾಡುವರು. ಕಾರಿನ ಹತ್ತಿರ ಬಂದಾಗಲೆಲ್ಲ, ಎಲ್ಲಿ ಯಾರಾದರೂ ಕೈಗೆ ಸ್ಕ್ರೂಡ್ರೈವರ್ ಕೊಟ್ಟುಬಿಡುತ್ತಾರೋ ಎಂಬಂತೆ ಎರಡೂ ಕೈ ಪ್ಯಾಂಟಿನ ಜೇಬಿಗೆ ತೂರಿಸಿಬಿಡುತ್ತಿದ್ದರು.

ಕಾರು ಓಡತೊಡಗಿದ ಮೇಲೆ ಗುರುಬಸವ ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ಬಂದ. ಒಳಗೆ ಫೈಬರಿನ ಸಿಂಹದ ತಲೆ. ಬಾಯಿ ತೆರೆದಿತ್ತು, ಕಣ್ಣಿನಲ್ಲಿ ಕೆಂಪು ಲೈಟು ಉರಿಯುತ್ತಿತ್ತು.

“ಇದೇನಿದು?” ಎಂದಳು ಶಿವಗಂಗಾ.

“ಬಾಡಿ. ಕಾರಿನ ಮ್ಯಾಲೆ ಕೂಡಸೂದು.”

“ಇದನ್ನ ಇಟ್ರ ಭಾರ ಎಲ್ಲಾ ಮುಂದ ಬೀಳ್ತದ. ಮೋಟರ್ ತಿರುಗಸೂ ಗಾಲಿ ಹಿಂದ ಅವ, ಅವಕ್ಕ ಹಿಡಿತ ಸಿಗಾಂಗಿಲ್ಲ. ಸ್ಪರ್ಧಾದಾಗ ದಿನ್ನಿ ಬಂದಾಗ ನಿನ್ನ ಸಿಂಹ ಇಳಿದು ನೂಕತದೇನು?”

ಗುರುಬಸವ ಸರ್ ಕಡೆ ನೋಡಿದ. ಸರ್ ಸಿಂಹದ ಕಡೆ ನೋಡಿ ಮುಗುಳ್ನಕ್ಕರು. “ನೋಡವಾ, ಬಂದ ಮಂದಿ ಮೊದಲ ನೋಡೂದು ಮಾರಿ. ಗೇರ್ ಯಾರು ನೋಡ್ತಾರ?”

ಗೇರು ಯಾವುದೆಂದು ಗೊತ್ತಿದ್ದರೆ ತಾನೆ ನೋಡುವುದು ಎಂದುಕೊಂಡಳು ಶಿವಗಂಗಾ. ಆದರೆ ಪ್ರಾಕ್ಟಿಕಲ್ ಅಂಕಗಳು ಆ ಜೇಬಿನ ಕೈಗಳಲ್ಲೇ ಇದ್ದವು. ಬೋಲ್ಟು ಹಾಕದೆ, ಎಳೆದರೆ ಬಿಚ್ಚಿಬರುವ ಕ್ಲಿಪ್ಪುಗಳಿಂದ ಸಿಂಹವನ್ನು ಸಿಕ್ಕಿಸಿದಳು.

ತಾಂಡೂರಿನ ಮೈದಾನದಲ್ಲಿ ದಿನ್ನೆಯನ್ನು ಊರಿನ ಕಲ್ಲಿನಿಂದಲೇ ಕಟ್ಟಿದ್ದರು. ಪಾಲಿಶ್ ಹೊಡೆದ ಹಾಸುಗಲ್ಲು ನೊಣ ಕೂತರೂ ಜಾರುವಂತಿತ್ತು. ಪ್ರತಿ ತಂಡಕ್ಕೂ ಎರಡು ಅವಕಾಶ. ಗುರುಬಸವ ಕರಿ ಕನ್ನಡಕ ಏರಿಸಿ, ಕಾಲಗಲಿಸಿ ನಿಂತು, ರಿಮೋಟನ್ನು ಹೊಟ್ಟೆಗವಚಿ ಹಿಡಿದ. ಸಮತಟ್ಟಿನಲ್ಲಿ ಸಿಂಹ ಚೆನ್ನಾಗಿಯೇ ಓಡಿತು. ದಿನ್ನೆಯ ನಡುವೆ ಹೋಗಿ ನಿಂತುಬಿಟ್ಟಿತು. ಹಿಂದಿನ ಗಾಲಿಗಳು ಕಿರ್ರೆಂದು ನಿಂತಲ್ಲೇ ತಿರುಗಿದವು. ಆಮೇಲೆ ಕಾರು ಮೆಲ್ಲಗೆ ಹಿಂದಕ್ಕೆ ಜಾರಿ, ಅಡ್ಡ ತಿರುಗಿ, ಮಗುಚಿಬಿತ್ತು. ಸಿಂಹದ ದವಡೆ ಮುರಿಯಿತು. ನೋಡುವ ಮಂದಿ ಹೋ ಎಂದರು. ಯಾರೋ ಬೆಕ್ಕಿನ ದನಿ ತೆಗೆದು ಮಿಯಾಂವ್ ಎಂದರು.

ಶಿವಗಂಗಾ ನಡೆದುಹೋಗಿ ಸಿಂಹವನ್ನು ಕಿತ್ತು ಪಕ್ಕಕ್ಕಿಟ್ಟಳು.

“ಬತ್ತಲೆ ಕಾರು ಓಡಸ್ತೀಯೇನು? ಮರ್ಯಾದಿ ಹೋಗ್ತದ,” ಎಂದ ಗುರುಬಸವ.

“ನಿನ್ನ ಮರ್ಯಾದಿ ಆಗಲೇ ದಿನ್ನಿ ಮ್ಯಾಲಿಂದ ಉರುಳಿ ಬಂದದ. ರಿಮೋಟ್ ಕೊಡು.”

ಅವನು ರಿಮೋಟನ್ನು ಅವಳ ಕೈಗೆ ತುರುಕಿ ಹೊರಟುಹೋದ. ಎರಡನೆಯ ಸಲ ಬರಿ ಎಲುಬಿನ ಹಂದರದಂತಿದ್ದ ಕಾರು ವೇಗ ತುಂಬಿಕೊಂಡು ಕಲ್ಲನ್ನೇರಿ, ಆಚೆ ಇಳಿದು, ಜಲ್ಲಿಯ ಮೇಲೆ ಕುಣಿಯುತ್ತ ಗೆರೆ ದಾಟಿತು. ಮೌನಿಕಾ ಕಿರುಚಿ ಶಿವಗಂಗಾಳ ಕೊರಳನ್ನು ತಬ್ಬಿಕೊಂಡಳು. ಎರಡನೆಯ ಸ್ಥಾನ ಬಂತು.

ಗುರುಬಸವ ಶಾಮಿಯಾನದ ಹಿಂದೆ ಕೂತು ಮುರಿದ ದವಡೆಯ ಚೂರುಗಳನ್ನು ಜೋಡಿಸುತ್ತಿದ್ದ. ಕಣ್ಣು ಒದ್ದೆಯಾಗಿತ್ತು. ಶಿವಗಂಗಾ ಚುಚ್ಚಲೆಂದೇ ಹೋಗಿದ್ದಳು.

“ಎಲ್ಲಿ ಖರೀದಿ ಮಾಡಿದ್ದಿ ಇದನ್ನ?”

“ಖರೀದಿ ಅಲ್ಲ, ನಾನೇ ಮಾಡೀನಿ. ಮನ್ಯಾಗ ಮಣ್ಣಿನ ಅಚ್ಚು ತೆಗದು, ಫೈಬರ್ ಮೆತ್ತಿ. ನಿಮ್ಮಿಬ್ಬರ ಕೆಲಸ ನನಗ ತಿಳಿಯಾಂಗಿಲ್ಲ. ನನಗ ಬರೂದು ಇಷ್ಟೇ.”

ಶಿವಗಂಗಾ ಸಿಂಹದ ತಲೆಯನ್ನು ಕೈಗೆತ್ತಿಕೊಂಡು ನೋಡಿದಳು. ಕೇಸರದ ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಕೊರೆದಿದ್ದ. ಕನಿಕರವೇನೂ ಹುಟ್ಟಲಿಲ್ಲ, ಆದರೆ ಚುಚ್ಚಲು ತಂದಿದ್ದ ಮಾತು ಬಿಟ್ಟು ತಲೆಯನ್ನು ಮೆಲ್ಲಗೆ ಅವನ ಮುಂದಿಟ್ಟಳು.

“ಚಂದ ಆಗ್ಯದ,” ಎಂದಳು. “ಕಾರಿಗಿ ಬ್ಯಾಡಾಗಿತ್ತು, ಅಷ್ಟೇ.”

ಮರುದಿನ ಕಾಲೇಜಿನಲ್ಲಿ ಸನ್ಮಾನ. ಮೊದಲ ಶಾಲು ತುಳಸಿರಾಮ ಸರ್ ಹೆಗಲಿಗೆ ಬಿತ್ತು. ಅವರು ಮೈಕು ಹಿಡಿದು ತೆಲುಗಿನಲ್ಲಿ, ಕಾರು ಮಗುಚಿದಾಗ ಮಕ್ಕಳು ಧೈರ್ಯಗೆಟ್ಟರೆಂದೂ, ಬಾಡಿ ತೆಗೆದು ಭಾರ ಇಳಿಸಿರೆಂದು ತಾವೇ ಆಜ್ಞೆ ಮಾಡಿದ್ದಾಗಿಯೂ, ಅನುಭವವೆಂದರೆ ಅದೇ ಎಂದೂ ಭಾಷಣ ಬಿಗಿದರು. ಶಿವಗಂಗಾ ಮೌನಿಕಾಳ ಮುಖ ನೋಡಿದಳು. ಇಂಥ ಸುಳ್ಳಿಗೆ ಸಿಟ್ಟಾಗುವುದೂ ದಂಡವೆನಿಸಿತು.

ಗುರುಬಸವ ಎದ್ದು ನಿಂತ. ಗಡಿಬಿಡಿಯಲ್ಲಿ ತೆಲುಗು ಮರೆತು ಕನ್ನಡದಲ್ಲೇ ಶುರುಮಾಡಿದ. “ಸರ್, ನೀವು ಆಗ ಅಲ್ಲಿ ಇರಲೇ ಇಲ್ರಿ. ಸ್ಪರ್ಧಾಕ್ಕ ಬಂದ ಗೆಸ್ಟ್ ಜೋಡಿ ಊಟಕ್ಕ ಕುಂತಿದ್ರಿ. ಬಾಡಿ ತೆಗದಾಕಿ ಶಿವಗಂಗಾ. ಬ್ಯಾಡ ಅಂದಾಂವ ನಾನು.”

ಕನ್ನಡ ಬಲ್ಲ ಅರ್ಧ ಸಭೆ ಗೊಳ್ಳೆಂದಿತು. ಉಳಿದರ್ಧಕ್ಕೆ ಪಕ್ಕದವರು ತಿಳಿಸಿ ಹೇಳಿದ ಮೇಲೆ ನಗು ಇನ್ನೊಮ್ಮೆ ಎದ್ದಿತು. ಸರ್ ಶಾಲು ಸರಿಮಾಡಿಕೊಂಡು, “ಅದೇ, ಅದೇ, ಟೀಮ್ ವರ್ಕ್,” ಎಂದು ಮೈಕು ಬಿಟ್ಟರು.

ಶಿವಗಂಗಾ ವೇದಿಕೆ ಹತ್ತಿದಳು. ವೈರಿಂಗ್ ಮೌನಿಕಾಳದು, ಸಿಂಹ ಗುರುಬಸವನದು, ಉಳಿದ ಕೆಲಸ ತನ್ನದು ಎಂದಷ್ಟೇ ಹೇಳಿ, ಸರ್ ಹೆಸರೆತ್ತದೆ ಇಳಿದಳು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತುಳಸಿರಾಮ ಸರ್.