ಎಂಟು ತೂತು, ನಾಲ್ಕು ಸ್ಕ್ರೂ

ಜಾರುವ ಗಾಜನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ, ಬುಡವನ್ನು ಹಳಿಯಿಂದ ತಪ್ಪಿಸಿ, ದೇವರಾಜು ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಒಂದು ಆಯಿತು, ಇನ್ನೊಂದು ಬಾಕಿ. ಅದಾದ ಮೇಲೆ ಸೊಳ್ಳೆಪರದೆ. ಆಮೇಲೆ ಗ್ರಿಲ್ಲಿನ ಸಮೇತ ಚೌಕಟ್ಟನ್ನೇ ಗೋಡೆಯಿಂದ ಬಿಡಿಸಬೇಕು. ಆಚೆ ಹಾಲ್‌ನಲ್ಲಿ ಹೆಂಗಸರ ಅಳು ಒಮ್ಮೆ ಏರಿ ಇಳಿಯಿತು. ಯಾರೋ ಹೊಸಬರು ಹಾರ ತಂದಿರಬೇಕು.

ಸಾವಿನ ಮನೆಯಲ್ಲಿ ನಿಂತು ಕಿಟಕಿ ಬಿಚ್ಚುವ ಪಾಡು ಯಾವ ಶತ್ರುವಿಗೂ ಬೇಡ. ಅದರಲ್ಲೂ ಹಾಲ್‌ನಲ್ಲಿ ಮಲಗಿರುವವನೇ ಆ ಕಿಟಕಿ ಮಾಡಿದವನು. ರಾಜೇಂದ್ರ ನಂಜನಗೂಡಿನಲ್ಲಿ ಇಪ್ಪತ್ತೆಂಟು ವರ್ಷ ಅಲ್ಯೂಮಿನಿಯಂ ಕಿಟಕಿಯ ಕೆಲಸ ಮಾಡಿದ. ದೇವರಾಜು ಮೊದಲ ದಿನದಿಂದಲೂ ಅವನ ಜೊತೆಗಾರ. ಒಡಹುಟ್ಟಿದವನಲ್ಲ, ಆದರೂ ಬಾಯಿ ತುಂಬ ಅಣ್ಣ ಎನ್ನುತ್ತಿದ್ದ. ಆ ಅಣ್ಣ ನಿನ್ನೆ ಮಧ್ಯಾಹ್ನ ಉಂಡು, ಐದು ನಿಮಿಷ ಅಡ್ಡಾಗುತ್ತೇನೆ ಎಂದು ಮಲಗಿದವನು ಏಳಲೇ ಇಲ್ಲ. ಐವತ್ತನಾಲ್ಕು ವರ್ಷ. ಸಾಯುವ ವಯಸ್ಸೇ ಅದು?

ಹೋದ ಗಳಿಗೆಯೂ ಚೆನ್ನಾಗಿರಲಿಲ್ಲ. ಧನಿಷ್ಠಾ ನಕ್ಷತ್ರ. ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಬೆಳಕು ಹರಿಯುವ ಮೊದಲೇ ಬಂದ ರಾಜೇಂದ್ರನ ಸೋದರಮಾವ ಚಿಕ್ಕಮಾದು ಅದನ್ನು ಕೇಳಿದ್ದೇ ತಡ, ಬಾಗಿಲಿಗೆ ಅಡ್ಡ ನಿಂತುಬಿಟ್ಟ.

‘ಬಾಗಲಲ್ಲಿ ಎತ್ತಬ್ಯಾಡಿ. ಪಂಚಕ ಇಡ್ಕೊಂಡದೆ. ಗೋಡೆ ಒಡ್ದು ದಾರಿ ಮಾಡಿ. ಇಲ್ದಿದ್ರೆ ಇನ್ನೂ ಐದು ಜನವ ಕರ್ಕೊಂಡೋಯ್ತದೆ.’

ಹಳ್ಳಿಯಲ್ಲಾದರೆ ಅದೇನು ದೊಡ್ಡ ಮಾತಲ್ಲ. ಇಬ್ಬರು ಗಂಡಸರು, ಒಂದು ಹಾರೆ, ಅರ್ಧ ಗಂಟೆಯ ಕೆಲಸ. ತಿಥಿಯ ಹೊತ್ತಿಗೆ ಮಣ್ಣು ಮೆತ್ತಿ ಸಾರಿಸಿದರೆ ಗುರುತೂ ಸಿಗದು. ಆದರೆ ಇದು ತಾಂಡವಪುರದ ಹತ್ತಿರ ಮೈಸೂರು ರಸ್ತೆಗೆ ಮುಖ ಮಾಡಿ ನಿಂತ ಇಪ್ಪತ್ತನಾಲ್ಕು ಮನೆಗಳ ಅಪಾರ್ಟ್‌ಮೆಂಟು. ಈ ಗೋಡೆಯ ತಲೆಯ ಮೇಲೆ ಮೂರು ಮಹಡಿಯ ಸಂಸಾರ ಕೂತಿದೆ. ಅಸೋಸಿಯೇಷನ್ನಿನ ಸೆಕ್ರೆಟರಿ ಹೇಮಲತಾ ಮೇಡಂ, ಹೈಸ್ಕೂಲು ಟೀಚರು, ನಯವಾಗಿಯೇ ಗೋಡೆ ಮುಟ್ಟುವಂತಿಲ್ಲ ಎಂದರು. ರಾಜೇಂದ್ರನ ಹೆಂಡತಿ ವನಿತಾ, ಬದುಕಿರುವಾಗ ನೋಡದ ನಕ್ಷತ್ರವನ್ನು ಸತ್ತಮೇಲೆ ನೋಡುವುದೇನು, ಬಾಗಿಲಲ್ಲೇ ಎತ್ತಿ ಎಂದಳು. ಚಿಕ್ಕಮಾದು ಬಾಗಿಲು ಬಿಟ್ಟು ಕದಲದ್ದನ್ನು ಕಂಡು ಆಮೇಲೆ ಅವಳೇ ಪಟ್ಟು ಬಿಟ್ಟಳು. ಕೊನೆಗೆ ಬೆಡ್‌ರೂಮಿನ ಕಿಟಕಿಯಿಂದ ಆಗಲಿ ಎಂದು ತೀರ್ಮಾನವಾಯಿತು. ಮನೆ ನೆಲಮಹಡಿಯದು, ಕಿಟಕಿಯೂ ಅಗಲವಾಗಿಯೇ ಇದೆ. ಚಿಕ್ಕಮಾದು ಅದಕ್ಕೂ ಒಂದು ಷರತ್ತು ಹಾಕಿದ. ಚೌಕಟ್ಟು ಇದ್ದರೆ ಅದೂ ಬಾಗಿಲೇ ಲೆಕ್ಕ. ಚೌಕಟ್ಟು ಬಿಚ್ಚಿ ಬರೀ ಗೋಡೆ ಕಾಣಬೇಕು.

ಎಲ್ಲರೂ ತಿರುಗಿ ದೇವರಾಜುವಿನ ಮುಖ ನೋಡಿದರು. ಇನ್ಯಾರ ಮುಖ ನೋಡಬೇಕು?

ಆ ಚೌಕಟ್ಟಿನಲ್ಲಿ ಎಂಟು ತೂತುಗಳಿವೆ. ಎಂಟರ ಬಾಯಿಗೂ ಬಿಳಿ ಮುಚ್ಚಳವಿದೆ. ನಾಲ್ಕು ಮುಚ್ಚಳದ ಕೆಳಗೆ ಏನೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು.

*

ಹತ್ತು ವರ್ಷದ ಹಿಂದಿನ ಮಾತು. ಈ ಕಟ್ಟಡದ ತೊಂಬತ್ತಾರು ಕಿಟಕಿಗಳನ್ನು ರಾಜೇಂದ್ರ ತನ್ನ ಕೈಯಾರೆ ಅಳೆದು, ಕತ್ತರಿಸಿ, ಜೋಡಿಸಿ ಸಿದ್ಧಮಾಡಿದ್ದ. ಅವನ ಜೀವಮಾನದ ದೊಡ್ಡ ಕೆಲಸ ಅದು. ಇಲ್ಲೇ ಒಂದು ಮನೆ ಕೊಳ್ಳುತ್ತೇನೆ, ನಾನು ಮಾಡಿದ ಕಿಟಕಿಯ ಗಾಳಿ ನಾನೇ ಕುಡಿಯುತ್ತೇನೆ ಎಂದು ಹಟ ಹಿಡಿದು ಸಾಲಕ್ಕೂ ಅರ್ಜಿ ಹಾಕಿದ್ದ. ಇನ್ನೇನು ಕೂರಿಸಬೇಕು ಎನ್ನುವಾಗ ಊರಲ್ಲಿ ಅವನ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ರಾಜೇಂದ್ರ ಟಿ. ನರಸೀಪುರದ ಆಸ್ಪತ್ರೆ ಸೇರಿದ. ‘ಒಂದೊಂದಕ್ಕೂ ಎಂಟು ಸ್ಕ್ರೂ ಕಣ್ಲಾ, ಕಮ್ಮಿ ಮಾಡ್ಬ್ಯಾಡ,’ ಎಂದಷ್ಟೇ ಹೇಳಿ ಡ್ರಿಲ್ಲನ್ನು ದೇವರಾಜುವಿನ ಕೈಗಿಟ್ಟು ಹೋದ.

ಮೊದಲ ದಿನ ಎಂಟೇ ಹಾಕಿದ. ಕಾಂಕ್ರೀಟಿಗೆ ಒಂದು ತೂತು ಕೊರೆಯುವುದೆಂದರೆ ಭುಜ ಕಳಚಿ ಬೀಳುತ್ತದೆ. ಡ್ರಿಲ್ಲಿನ ಮೊನೆ ಮುರಿಯುತ್ತದೆ, ಕಣ್ಣಿಗೆ ಪುಡಿ ಬೀಳುತ್ತದೆ. ಬಿಲ್ಡರ್ ದಿನಕ್ಕೆ ಮೂರು ಸಲ ಬಂದು ಗೃಹಪ್ರವೇಶದ ತಾರೀಕು ಜ್ಞಾಪಿಸುತ್ತಿದ್ದ. ಎರಡನೆಯ ದಿನ ಸಂಜೆ ದೇವರಾಜು ಒಂದು ಕಿಟಕಿಗೆ ನಾಲ್ಕು ಮೂಲೆಗೆ ಮಾತ್ರ ಸ್ಕ್ರೂ ಹಾಕಿ, ಸುತ್ತ ಸಂದಿಗೆ ಸಿಲಿಕಾನ್ ಅಂಟು ಎಳೆದು, ಅಲ್ಲಾಡಿಸಿ ನೋಡಿದ. ಬಂಡೆಯ ಹಾಗೆ ನಿಂತಿತ್ತು. ಸಿಲಿಕಾನೇ ಹಿಡಿದುಕೊಳ್ಳುತ್ತದಲ್ಲ, ಮತ್ತೇಕೆ ಕೈ ಸಾಯಿಸುವುದು ಎಂದುಕೊಂಡ. ಖಾಲಿ ತೂತಿಗೆ ಮುಚ್ಚಳ ಒತ್ತಿದ. ಮುಂದಿನ ಕಿಟಕಿಗೆ ಹೋದ.

ದುಡ್ಡು ಹೊಡೆಯಲಿಲ್ಲ. ಉಳಿದ ಸ್ಕ್ರೂಗಳ ಡಬ್ಬಗಳನ್ನು ಹಾಗೇ ಅಂಗಡಿಗೆ ತಂದಿಟ್ಟ. ಬರೀ ಮೈಗಳ್ಳತನ, ಅವಸರ. ಅಣ್ಣ ಬಂದ ದಿನ ಎಲ್ಲ ಮುಗಿಯಿತು ಎಂದ. ಎಂಟೆಂಟು ಹಾಕಿದೆ ಎಂದೂ ಹೇಳಿದ.

*

ಐದು ವರ್ಷ ಯಾವ ಕಿಟಕಿಯೂ ಮಿಸುಕಲಿಲ್ಲ. ಆರನೆಯ ಆಷಾಢದ ಗಾಳಿಗೆ ಮೂರನೆಯ ಮಹಡಿಯಲ್ಲಿ ಶುರುವಾಯಿತು. ಚೌಕಟ್ಟುಗಳು ರಾತ್ರಿಯಿಡೀ ಕಟಕಟ ಎನ್ನತೊಡಗಿದವು. ಗೋಡೆಗುಂಟ ನೀರಿಳಿಯಿತು. ಅಸೋಸಿಯೇಷನ್ ಮೀಟಿಂಗಿನಲ್ಲಿ ಜನ ರಾಜೇಂದ್ರನ ನೀರಿಳಿಸಿದರು. ಕಿಟಕಿಗಳಿಗೆ ಇಪ್ಪತ್ತೈದು ವರ್ಷ ಬಾಳಿಕೆ ಎಂದು ಬಿಲ್ಡರು ಅಚ್ಚು ಹಾಕಿಸಿ ಹಂಚಿದ್ದ. ಅದನ್ನೇ ಅವನ ಮುಖಕ್ಕೆ ಹಿಡಿದರು.

ರಾಜೇಂದ್ರ ಎದ್ದು ನಿಂತು ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದ. ಕಿಟಕಿ ಅನ್ನುವುದು ಒಂದು ಸಾಮಾನಲ್ಲ. ಅಲ್ಯೂಮಿನಿಯಂ ಮೂವತ್ತು ವರ್ಷ ಇರುತ್ತದೆ. ಗಾಜು ಒಡೆಯುವ ತನಕ ಇರುತ್ತದೆ. ಅಡಿಯ ಚಕ್ರ ಆರೇಳು ವರ್ಷ, ರಬ್ಬರು ಎಂಟೋ ಹತ್ತೋ. ಬಿಸಿಲಿಗೆ ಬಿದ್ದ ಸಿಲಿಕಾನ್ ಐದು ವರ್ಷಕ್ಕೆ ಒಣಗಿ ಬಿರಿಯುತ್ತದೆ. ಕಿಟಕಿಗೆ ಎಷ್ಟು ಆಯಸ್ಸು ಎಂದು ಕೇಳಬೇಡಿ, ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ‘ನಂದೇ ಕೆಲ್ಸ. ನಾನೇ ನೋಡ್ಕತೀನಿ,’ ಎಂದು ಕೂತ. ಪಕ್ಕದಲ್ಲಿದ್ದ ದೇವರಾಜು ತಲೆಯೆತ್ತಲಿಲ್ಲ.

ಅದರ ಮರು ಭಾನುವಾರ ರಾಜೇಂದ್ರ ಒಬ್ಬನೇ ಹೇಮಲತಾ ಮೇಡಂ ಮನೆಗೆ ಡ್ರಿಲ್ ತೆಗೆದುಕೊಂಡು ಹೋದ. ಆಮೇಲೆ ಭಾನುವಾರ ಬಂತೆಂದರೆ ಒಂದಲ್ಲ ಒಂದು ಮನೆ. ಯಾರ ಹತ್ತಿರವೂ ಬಿಡಿಗಾಸು ಮುಟ್ಟಲಿಲ್ಲ. ನಾನೂ ಬರುತ್ತೇನೆ ಎಂದು ದೇವರಾಜು ಒಂದೆರಡು ಸಲ ಬಾಯಿಮಾತಿಗೆ ಅಂದ. ‘ಭಾನುವಾರ ಎಂಡ್ತಿ ಮಕ್ಳ ಜೊತೆ ಇರ್ಲಾ,’ ಎಂದು ರಾಜೇಂದ್ರ ಕಳಿಸಿಬಿಟ್ಟ. ಅಣ್ಣ ಸಿಲಿಕಾನ್ ಬದಲಿಸುತ್ತಿದ್ದಾನೆ ಅಷ್ಟೆ ಎಂದು ದೇವರಾಜು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಾ ನಾಲ್ಕು ವರ್ಷ ಕಳೆದ.

*

ಸೊಳ್ಳೆಪರದೆಯೂ ಕೆಳಗಿಳಿಯಿತು. ಚೌಕಟ್ಟಿನ ಇನ್ನೊಂದು ಕಡೆ ಹಿಡಿದುಕೊಳ್ಳಲು ರಾಜೇಂದ್ರನ ಮಗ ಮಧುಕುಮಾರ್ ಬಂದು ನಿಂತ. ಒದ್ದೆ ಪಂಚೆ, ಊದಿದ ಕಣ್ಣು. ಬಾಗಿಲ ಬಳಿ ಹೇಮಲತಾ ಮೇಡಂ, ಅವರ ಹಿಂದೆ ಎರಡನೆಯ ಮಹಡಿಯ ಮಂಟೇಸ್ವಾಮಿ, ಇನ್ನೂ ನಾಲ್ಕಾರು ಜನ. ಹೊತ್ತಾಗುತ್ತಿದೆ, ಊರಿಗೆ ಹೋಗಿ ಮಣ್ಣು ಮಾಡಬೇಕು ಎಂದು ಚಿಕ್ಕಮಾದು ಹೊರಗಿನಿಂದಲೇ ಅವಸರ ಮಾಡುತ್ತಿದ್ದ.

ನೋಡುವವರಿಲ್ಲದಿದ್ದರೆ ಖಾಲಿ ತೂತಿನ ಮುಚ್ಚಳಗಳನ್ನು ಹಾಗೇ ಬಿಟ್ಟು, ಚೌಕಟ್ಟು ಕಿತ್ತು, ಬೋರಲು ಹಾಕಿಬಿಡಬಹುದಿತ್ತು. ಆದರೆ ಆ ಮಗ ತನಗೆ ತಿಳಿದಂತೆ ನೆರವಿಗೆ ನಿಂತು, ಉಗುರಿನಿಂದ ಒಂದೊಂದೇ ಮುಚ್ಚಳ ಎಬ್ಬಿಸತೊಡಗಿದ. ಮೊದಲನೆಯದರ ಕೆಳಗೆ ಸ್ಕ್ರೂ ಇತ್ತು. ಎರಡನೆಯದರ ಕೆಳಗೆ ಇರಲಿಲ್ಲ. ಮೂರನೆಯದರಲ್ಲೂ ಇಲ್ಲ. ಎಂಟೂ ತೆಗೆದು ಅವನು ಹಿಂದೆ ಸರಿದು ನಿಂತ. ಸ್ಕ್ರೂ ಇಲ್ಲದ ತೂತುಗಳ ಹಿಂದೆ ಗೋಡೆಗೆ ಡ್ರಿಲ್ ಸೋಕಿದ ಗುರುತೂ ಇರಲಿಲ್ಲ.

ಮೇಡಂ ಹತ್ತಿರ ಬಂದು ನೋಡಿದರು. ನಮ್ಮ ಮನೆಯಲ್ಲಿ ಎಂಟೂ ಇವೆ, ನಾನೇ ಕಣ್ಣಾರೆ ಕಂಡಿದ್ದೇನೆ, ಇಲ್ಲೇಕೆ ಹೀಗೆ ಎಂದು ಗೊಣಗಿಕೊಂಡರು.

‘ಅಂಗಾರೆ ಮೊದ್ಲು ಎಲ್ಲಾರ ಮನೇಲೂ ಇಂಗೇ ಇತ್ತು ಅಂತಾಯ್ತು ಮೇಡಂ,’ ಎಂದ ಮಂಟೇಸ್ವಾಮಿ. ‘ಅದ್ಕೇ ವಾರವಾರ ಬಂದು ತೇಪೆ ಆಕ್ತಿದ್ದ. ನಾವು ಪುಣ್ಯಾತ್ಮ ಅನ್ಕೊಂಡಿದ್ದೊ.’

ನಾಲ್ಕು ವರ್ಷದ ಭಾನುವಾರಗಳೆಲ್ಲ ಒಂದೇ ಮಾತಿಗೆ ಮಣ್ಣುಪಾಲಾದವು. ಬೆಳಗ್ಗೆ ಇದೇ ಜನ ಅಂಥ ಮನುಷ್ಯ ಸಿಗುವುದಿಲ್ಲ ಎಂದು ಕಣ್ಣೊರೆಸಿಕೊಂಡಿದ್ದರು. ಇದೇ ಮೇಡಂ, ಇನ್ನು ಮೇಲೆ ಕಟ್ಟಡದ ಕೆಲಸವೆಲ್ಲ ನಿಮ್ಮದೇ ದೇವರಾಜು, ಪಕ್ಕದಲ್ಲಿ ಏಳುತ್ತಿರುವ ಹೊಸ ಬ್ಲಾಕಿಗೂ ನಿಮ್ಮ ಹೆಸರೇ ಹೇಳುತ್ತೇವೆ ಎಂದಿದ್ದರು. ಸುಮ್ಮನಿದ್ದರೆ ಸಾಕು, ಅದೆಲ್ಲ ಅವನ ಕೈಗೆ ಬರುತ್ತದೆ. ಸತ್ತವನಂತೂ ಎದ್ದು ಬಂದು ಬಾಯಿ ಬಿಡುವುದಿಲ್ಲ.

ಮಧುಕುಮಾರ್ ಮಾತ್ರ ದೇವರಾಜುವನ್ನೇ ನೋಡುತ್ತಿದ್ದ.

‘ಚಿಕ್ಕಪ್ಪ, ಅಪ್ಪ ಇಂಗೆ ಕೆಲ್ಸ ಮಾಡಿದ್ರಾ?’

ದೇವರಾಜು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

‘ಇಲ್ಲ ಕಣಪ್ಪ. ನಾನು ಮಾಡಿದ್ದು.’

ಒಮ್ಮೆ ಬಾಯಿ ಬಿಟ್ಟಮೇಲೆ ಉಳಿದದ್ದು ತಾನಾಗಿ ಬಂತು. ಆಸ್ಪತ್ರೆ, ಬಿಲ್ಡರಿನ ಅವಸರ, ಎರಡನೆಯ ದಿನದ ಸಂಜೆ, ಎಂಟೆಂಟು ಹಾಕಿದೆ ಎಂದು ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದ. ಆ ಮೀಟಿಂಗಿನಲ್ಲಿ ತಲೆತಗ್ಗಿಸಿ ಕೂತಿದ್ದನ್ನೂ ಬಿಡಲಿಲ್ಲ. ಅಣ್ಣನಿಗೆ ಇದೊಂದೂ ತಿಳಿಯದು, ಅವನ ಹೆಸರಿಗೆ ಮಸಿ ಹಚ್ಚಬೇಡಿ, ಬೇಕಾದರೆ ನನಗೆ ಉಗಿಯಿರಿ ಎಂದ. ಮಂಟೇಸ್ವಾಮಿ ಕೆಮ್ಮಿ ಬೇರೆ ಕಡೆ ತಿರುಗಿದ.

‘ತಿಳೀದು ಅನ್ಬ್ಯಾಡ.’

ಮಾತು ಬಾಗಿಲಿನಿಂದ ಬಂತು. ವನಿತಾ ಯಾವಾಗ ಎದ್ದು ಬಂದಿದ್ದಳೋ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

‘ಮೇಡಂ ಮನೆ ಕಿಟ್ಕಿ ಬಿಚ್ಚಿದ್ ದಿನ್ವೇ ಗೊತ್ತಾಯ್ತು ಅವ್ರಿಗೆ. ಮನೇಗ್ ಬಂದು ಊಟ ಬ್ಯಾಡ ಅಂದ್ರು. ಕರೆದು ಕೇಳಿ ಅಂದೆ ನಾನು. ಕೇಳಿದ್ರೆ ಅವ್ನು ಸುಳ್ಳು ಯೋಳ್ಬೇಕಾಯ್ತದೆ ವನಿತಾ, ಅವ್ನಾಗೇ ಯೋಳ್ಲಿ ಅಂದ್ರು.’ ಅವಳ ಧ್ವನಿ ಏರಲಿಲ್ಲ. ‘ಎಲ್ಲಾರ್ ಮನೇದೂ ಮುಗೀತು, ನಮ್ದು ಕೊನೇಗೆ ಅಂತಿದ್ರು. ನಾಕು ವರ್ಷ ಕಾದ್ರು ದೇವರಾಜು. ನೀ ಮನೇಗ್ ಬಂದಾಗೆಲ್ಲ, ಇವತ್ ಯೋಳ್ತಾನೆ ನೋಡು ಅನ್ನೋರು.’

ದೇವರಾಜು ಗೋಡೆ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಬಂದಾಗೆಲ್ಲ ಕಾಫಿ ಕುಡಿದಿದ್ದ. ಕ್ರಿಕೆಟ್ಟು, ಮಳೆ, ಮಕ್ಕಳ ಫೀಸು, ಏನೇನೆಲ್ಲ ಮಾತಾಡಿದ್ದ. ಎದುರು ಕೂತ ಮನುಷ್ಯ ಒಂದೇ ಒಂದು ಮಾತಿಗಾಗಿ ಕಾಯುತ್ತಿದ್ದನೆಂದು ಅವನಿಗೆ ಹೊಳೆದಿರಲಿಲ್ಲ. ಅತ್ತಿಗೆ ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

‘ಏಳು,’ ಎಂದಳು ವನಿತಾ. ‘ಕೆಲ್ಸ ಮುಗ್ಸು. ಅವ್ರು ಊರಿಗೋಗ್ಬೇಕು.’

ನಾಲ್ಕು ಸ್ಕ್ರೂ ಬಿಚ್ಚುವುದಕ್ಕೆ ಹತ್ತು ನಿಮಿಷ ಹಿಡಿಯಲಿಲ್ಲ. ಮಧುಕುಮಾರ್ ಇನ್ನೊಂದು ತುದಿ ಹಿಡಿದ. ಬಿರಿದ ಸಿಲಿಕಾನ್ ಬ್ಲೇಡಿಗೆ ಸಿಕ್ಕಿ ಪುಡಿಪುಡಿಯಾಗಿ ಉದುರಿತು. ಚೌಕಟ್ಟು ಹೊರಬಂದಾಗ ಬರೀ ಗೋಡೆ, ಅದರಾಚೆ ಬಿಸಿಲು, ಚಟ್ಟದ ಹತ್ತಿರ ನಿಂತ ಊರವರು ಕಂಡರು.

ಕಾಲು ಮುಂದಾಗಿ ಎತ್ತಿದರು. ಒಳಗೆ ಆರು ಜನ, ಹೊರಗೆ ಆರು ಜನ. ದೇವರಾಜು ಹೊರಗೆ ಹೋಗಿ, ತಲೆ ಬರುವ ಕಡೆ, ಗೋಡೆಗೆ ಒತ್ತಿ ನಿಂತ. ಪಾದ ದಾಟಿತು, ಮೊಣಕಾಲು, ಸೊಂಟ ದಾಟಿತು. ಹಾರ ಗೋಡೆಯ ಅಂಚಿಗೆ ತಗುಲಿದ್ದನ್ನು ಮಧುಕುಮಾರ್ ಒಳಗಿನಿಂದ ಬಿಡಿಸಿದ. ಎದೆ ದಾಟಿ, ಆ ಮುಖ ಗೋಡೆಯ ನಡುವೆ ಬಂದಾಗ ಸರಿಯಾಗಿ ದೇವರಾಜುವಿನ ಮುಖದ ಎತ್ತರಕ್ಕಿತ್ತು. ಹಣೆಯ ಮೇಲೆ ವಿಭೂತಿ. ಗಲ್ಲಕ್ಕೆ ಕಟ್ಟಿದ ಬಟ್ಟೆ.

‘ಒಸಿ ನಿಲ್ಸಿ,’ ಎಂದ ದೇವರಾಜು.

ಬೆಳಗ್ಗಿನಿಂದ ಅವಸರ ಮಾಡುತ್ತಿದ್ದ ಚಿಕ್ಕಮಾದು ಕೈಯೆತ್ತಿ ಎಲ್ಲರನ್ನೂ ತಡೆದ. ದೇವರಾಜು ಮುಂದಕ್ಕೆ ಬಾಗಿ, ಕಿವಿಯ ಹತ್ತಿರ ಬಾಯಿಟ್ಟ.

‘ಅಣ್ಣ, ನಾಕೇ ಆಕಿದ್ದು ಕಣಣ್ಣ.’

ಮೈಯೆಲ್ಲ ಹೊರಗೆ, ತಲೆ ಮಾತ್ರ ಇನ್ನೂ ಗೋಡೆಯ ನಡುವೆ, ರಾಜೇಂದ್ರ ಮಲಗಿದ್ದ. ಹೊತ್ತವರು ಭಾರ ಹಿಡಿದು ನಿಂತೇ ಇದ್ದರು. ಯಾರೊಬ್ಬರೂ ಇಳಿಸಿ ಎನ್ನಲಿಲ್ಲ.