ಒಂಬತ್ತನೇ ಹಾಡಿಗೆ ಬೇರೆ ದನಿ

ಬಿಳೂರಿನ ಕಲ್ಮೇಶನ ಗಿಟಾರೂ ಶೇಗಾಂವದ ಶುಭಾಂಗಿಯ ಬಾಯಿಯೂ ಒಂದೇ ಕೋಣೆಯಲ್ಲಿ ಸೇರಿದರೆ ಜಗಳವಾಗಬೇಕು, ಆಯಿತು ಕೂಡ. ಅವಳು ಕನ್ನಡ ಮರಾಠಿ ಕಲಸಿ, ಬೇಕೆಂದೇ ತಾಳ ಮುರಿದು ರ‍್ಯಾಪ್ ಹೇಳುವವಳು. ಅವನು ಅಪ್ಪನ ಗೊಬ್ಬರದಂಗಡಿಯ ಮೇಲಿನ ಕೋಣೆಯ ಗೋಡೆಗೆ ಸದ್ದು ತಡೆಯಲು ಗೋಣಿಚೀಲ ಬಡಿದು, ಲ್ಯಾಪ್‌ಟಾಪಿನಲ್ಲಿ ಸಿಂಥ್ ವಾದ್ಯದ ನಾದ ಎಬ್ಬಿಸಿ, ಅದರ ಮೇಲೆ ರಾಕ್ ಗಿಟಾರು ಹರಿಸುವವನು. ಎರಡು ವರ್ಷ ಕಚ್ಚಾಡಿ ಒಂಬತ್ತು ಹಾಡಿನ ಆಲ್ಬಮ್ ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಶುಕ್ರವಾರ ಬಿಡುಗಡೆ ಎಂದು ಫೋನಿನಲ್ಲೆಲ್ಲ ಸಾರಿಯೂ ಬಿಟ್ಟಿದ್ದರು.

ಒಂಬತ್ತನೆಯದು ಶುಭಾಂಗಿಯ ಅವ್ವ ಮಾಯಕ್ಕನದು. ಮಗಳಿಗೆ ಹೆಸರಿಟ್ಟ ದಿನ ತೊಟ್ಟಿಲು ತೂಗುತ್ತ ಅವಳೇ ಕಟ್ಟಿದ ಪದ: 'ಮುತ್ತಲ್ಲ, ಹವಳಲ್ಲ, ಮುಂಜಾನಿ ಬಿಸಿಲಲ್ಲ, ಮಾಯಕ್ಕನ ಮಗಳು ಶುಭಾಂಗಿ.' ಶುಭಾಂಗಿ ಎರಡು ವರ್ಷದವಳಿದ್ದಾಗ ಪೇಟೆಯ ಕ್ಯಾಸೆಟ್ ಅಂಗಡಿಯವನೊಬ್ಬ ಮಾಯಕ್ಕನನ್ನು ಟೆಂಪೋದಲ್ಲಿ ಕರೆದೊಯ್ದು ಈ ಪದ ಹಾಡಿಸಿದ. ಒಂದು ಕಾಗದಕ್ಕೆ ಹೆಬ್ಬಟ್ಟು ಒತ್ತಿಸಿಕೊಂಡು, ಕುಪ್ಪಸದ ಖಣ ಕೊಟ್ಟು ಕಳಿಸಿದ. ಕ್ಯಾಸೆಟ್ಟಿನ ಮೇಲೆ ತೊಟ್ಟಿಲಿನ ಚಿತ್ರವಿತ್ತು, ಮಾಯಕ್ಕನ ಹೆಸರಿರಲಿಲ್ಲ. ಊರೂರ ನಾಮಕರಣಗಳಲ್ಲಿ ಅದು ಮೊಳಗುತ್ತಿದ್ದಾಗ 'ಇದು ನಾನs ಹಾಡಿದ್ದು' ಎಂದರೆ ಜನ ನಗುತ್ತಿದ್ದರು. ಈ ಆಲ್ಬಮ್ಮಿನಲ್ಲಾದರೂ ಅವ್ವನ ದನಿಯ ಪಕ್ಕ ಅವ್ವನ ಹೆಸರು ಇರಬೇಕು. ಶುಭಾಂಗಿಗೆ ಬೇಕಾಗಿದ್ದು ಇಷ್ಟೇ.

ಸೋಮವಾರ ಹಾಡುಗಳನ್ನು ಜನ ಫೋನಿನಲ್ಲಿ ಕೇಳುವ ಆ್ಯಪಿಗೆ ಏರಿಸಿದರು. ಎಂಟು ಸಲೀಸಾಗಿ ಹೋದವು, ಒಂಬತ್ತನೆಯದಕ್ಕೆ ಕೆಂಪು ಗುರುತು ಬಿತ್ತು. ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಯಾವುದೋ ದೊಡ್ಡ ಕಂಪನಿ ಕೊಂಡುಕೊಂಡಿದೆಯಂತೆ. ಈ ದನಿ, ಈ ಧಾಟಿ ಆ ಕಂಪನಿಯದೆಂದು ಆ್ಯಪಿನ ಯಂತ್ರ ಹೇಳುತ್ತಿತ್ತು.

"ಕ್ಯಾಸೆಟ್ಟಿಂದು ಅಲ್ಲಲೇ ಇದು! ಹೋದ ತಿಂಗಳ ನಮ್ಮ ಮನಿಯಾಗ ನಾವs ರೆಕಾರ್ಡ್ ಮಾಡೀವಿ," ಎಂದು ಶುಭಾಂಗಿ ಕಲ್ಮೇಶನ ಮೇಲೆಯೇ ಹರಿಹಾಯ್ದಳು.

"ನನಗ್ಯಾಕ ಬೈತಿ? ಮಷೀನಿಗೆ ಹೇಳು," ಎಂದ ಅವನು.

ಮಷೀನಿಗೂ ಹೇಳಿದಳು. ನಾಲ್ಕು ಸಲ ಬರೆದಳು. ನಾಲ್ಕು ಸಲವೂ ಅರ್ಧ ನಿಮಿಷದೊಳಗೆ ಒಂದೇ ಉತ್ತರ: ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಮೂಲ ಕರಾರುಪತ್ರ ಲಗತ್ತಿಸಿ. ಆ ಕಾಗದ ಒಯ್ದವನು ಅಂಗಡಿ ಮುಚ್ಚಿ ಎಲ್ಲಿಗೆ ಹೋದನೋ ದೇವರೇ ಬಲ್ಲ. ಮನುಷ್ಯನಾದರೆ ಕಾಲಿಗೆ ಬೀಳಬಹುದು, ಇಲ್ಲ ಕೊರಳಪಟ್ಟಿ ಹಿಡಿಯಬಹುದು. ಇದಕ್ಕೆ ಕಾಲೂ ಇಲ್ಲ, ಕೊರಳೂ ಇಲ್ಲ. ಗುರುವಾರ ಸಂಜೆಯೊಳಗೆ ಸರಿಪಡಿಸದಿದ್ದರೆ ಇಡೀ ಆಲ್ಬಮ್ ತಡೆಹಿಡಿಯುತ್ತೇವೆ ಎಂದೂ ಅದು ತಿಳಿಸಿತು.

ಗುರುವಾರ ಮಧ್ಯಾಹ್ನ ಮಾಯಕ್ಕ ದಾಳಿಂಬರಿ ತೋಟದ ಕೆಲಸ ಅರ್ಧಕ್ಕೇ ಬಿಟ್ಟು, ಬಸ್ಸು ಹಿಡಿದು ಬಿಳೂರಿಗೆ ಬಂದಳು. ಮಗಳು ಎಲ್ಲ ಬಿಡಿಸಿ ಹೇಳಿದಳು. ಮಾಯಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದಳು.

"ಹಂಗಾರ ನನ್ನ ದನಿ ಅವರದಂತೇನ?"

"ಹೂಂ ಅಂತಾರವ್ವ."

"ನನ್ನ ಪದಾನ ತಗದುಬಿಡು. ಉಳದ ಎಂಟು ಚಲೋ ಅದಾವಲ್ಲ."

"ತಗಿಯಂಗಿಲ್ಲ," ಎಂದಳು ಶುಭಾಂಗಿ.

ಕಲ್ಮೇಶ ನೆಲ ನೋಡುತ್ತ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವಂಥ ಉಪಾಯ ಹೇಳಿದ. "ಮಾವಶಿ, ಮಾತು ಅವs ಇರಲಿ. ಧಾಟಿ ಬದಲಿ ಮಾಡಿ, ದನಿ ಬ್ಯಾರೆ ಮಾಡಿ ಹಾಡತೀರೇನ್ರಿ? ನಿಮ್ಮಂಗ ಅನಸಬಾರದು, ನೋಡ್ರಿ."

ಶುಭಾಂಗಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಮಾಯಕ್ಕ ಆಗಲೇ ಮೈಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಮಗಳ ಕೆಲಸ ಆಗುವುದಾದರೆ ಅವಳು ಏನನ್ನಾದರೂ ಬಿಟ್ಟುಕೊಡುವವಳು. ಮೊದಲ ಸಲ ಗಂಟಲು ದಪ್ಪ ಮಾಡಿ ಹಾಡಿದಳು. ಏರಿಸಿದರು, ಕೆಂಪು. ಎರಡನೆಯ ಸಲ ಮೂಗಿನಲ್ಲಿ. ಅದಕ್ಕೂ ಕೆಂಪು. ಹಾಡುತ್ತ ಹಾಡುತ್ತ ದನಿ ತನ್ನ ಹಳೆಯ ದಾರಿಗೇ ಹೊರಳಿಬಿಡುತ್ತಿತ್ತು.

"ಇನ್ನೊಂದ ಸಲ," ಎಂದಳು ಮಾಯಕ್ಕ. ಈ ಸಲ ಪ್ರತಿ ಸಾಲಿನಲ್ಲೂ ಬೇಕೆಂದೇ ಸ್ವರ ತಪ್ಪಿಸಿದಳು, ಉಸಿರು ನಿಲ್ಲಬೇಕಾದಲ್ಲಿ ನಿಲ್ಲಿಸಲಿಲ್ಲ, ಮಗಳ ಹೆಸರು ಬರುವಲ್ಲಿ ಗಂಟಲು ಒಡೆಯುವಂತೆ ಕಿರುಚಿದಳು. ಶುಭಾಂಗಿ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಕುಳಿತಿದ್ದಳು. ನಿಲ್ಲಿಸಿದರೆ ಅವ್ವನ ಹೆಸರೂ ಹೋಗುತ್ತದೆ.

ಐದು ಗಂಟೆಗೆ ಹಸಿರು ಗುರುತು ಬಂತು. ಕಲ್ಮೇಶ ಉಸಿರು ಬಿಟ್ಟ. ತೆರೆಯ ಮೇಲೆ 'ಹಾಡಿದವರು: ಮಾಯಕ್ಕ' ಎಂದು ಸ್ಪಷ್ಟವಾಗಿ ಇತ್ತು.

"ಒಪ್ಪಿತೇನ?" ಮಾಯಕ್ಕ ಕೈ ತಟ್ಟಿ ಎದ್ದೇಬಿಟ್ಟಳು. "ನಾ ಅಲ್ಲ ಅಂತ ಒಪ್ಪಿತಲ್ಲ! ನೋಡಿದ್ಯಾ, ಹ್ಯಾಂಗ ಮೋಸ ಮಾಡಿದೆ ಅದಕ್ಕ!"

"ಹೂಂನವ್ವ, ಒಪ್ಪಿತು," ಎಂದಳು ಶುಭಾಂಗಿ.

ಮಾಯಕ್ಕ ಹೆಡ್‌ಫೋನ್ ಇಸಿದುಕೊಂಡು ಕಿವಿಗಿಟ್ಟಳು. ಹಾಡು ಮುಗಿಯುವ ತನಕ ಕೇಳಿದಳು. ಅವಳ ನಗು ಹಾಡಿನ ನಡುವೆಯೇ ಎಲ್ಲೋ ನಿಂತಿತ್ತು.

"ಪಾಪ, ಯಾರೋ ಹಾಡಾಕ ಬರದಾಕಿ," ಎಂದಳು. ಹೆಡ್‌ಫೋನ್ ತೆಗೆದು ಮಗಳ ಕೈಗೆ ಕೊಟ್ಟು, ಶೇಗಾಂವದ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.