ಪಾಪು ಕುರ್ಚಿಗೆ ಪಾಯದ ಗುರುತು

ಅಟ್ಟೂರಿನ ಹಳೇ ಓಣಿಯಲ್ಲಿ ನಾರಾಯಣಮ್ಮನ ಮನೆ ಅಂದರೆ ಎಲ್ಲರಿಗೂ ಗೊತ್ತು. ಹೊರಗಿಂದ ನೋಡಿದರೆ ಮೂರಂತಸ್ತು. ಮೇಲಿನದನ್ನೆಲ್ಲ ಬಾಡಿಗೆಗೆ ಕೊಟ್ಟು, ಮನೆಯವರು ಕೆಳಗೆ ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆಯಲ್ಲಿ ಇದ್ದಾರೆ. ಹಾಲಿನಲ್ಲಿ ಸೋಫಾ, ಬೀರು, ಟೀವಿ, ಅಕ್ಕಿ ಮೂಟೆ ಎಲ್ಲ ಕೂತ ಮೇಲೆ ಉಳಿದದ್ದು ಒಬ್ಬರು ನಡೆಯುವಷ್ಟು ದಾರಿ. ಬಚ್ಚಲು ಇರೋದು ಮುಂಬಾಗಿಲ ಪಕ್ಕ. ಅಡುಗೆಮನೆಯಿಂದ ಅಲ್ಲಿಗೆ ಹೋಗಬೇಕಾದರೂ ಅದೇ ದಾರಿ.

ಆ ಮನೆಗೆ ಈಗ ಹೆಣ್ಣುಕೂಸು ಬಂದಿತ್ತು. ಸೊಸೆ ಯಶೋಧಾಗೆ ತವರಲ್ಲಿ ತಾಯಿ ಇಲ್ಲ, ಹಾಗಾಗಿ ಬಾಣಂತನವೆಲ್ಲ ಅತ್ತೆ ನಾರಾಯಣಮ್ಮನದೇ. ಅದರಲ್ಲಿ ಒಂದು ಕುಂದು ಹೇಳುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಯಶೋಧಾ ಕೂಸು ಕಣ್ಣೆದುರಿಗೇ ಇರಲಿ ಅಂತ ಅಡುಗೆಮನೆ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ, ಹಾಲು ಕಾಯಿಸುತ್ತಿದ್ದಳು. ಕಟ್ಟೆಯ ಮೇಲಿದ್ದ ಸ್ಟೀಲ್ ಚೊಂಬು ಮೊಣಕೈಗೆ ತಾಗಿ ಉರುಳಿ, ಕೂಸಿನ ತಲೆಯ ಪಕ್ಕದಲ್ಲೇ ಬಿತ್ತು. ಪುಣ್ಯಕ್ಕೆ ಬರೀ ಚೊಂಬು. ಕೂಸು ಸದ್ದಿಗೆ ಬೆಚ್ಚಿ ಅತ್ತಿತು ಅಷ್ಟೆ. ಯಶೋಧಾ ಒಲೆ ಆರಿಸಿ ಕೂಸನ್ನೆತ್ತಿ ಎದೆಗವಚಿಕೊಂಡಳು. ಇನ್ನು ಮೇಲೆ ಕೂಸನ್ನು ಕಾಲ ಕೆಳಗೆ ಬಿಡುವುದಿಲ್ಲ ಅಂತ ಅವಳು ಅವತ್ತೇ ಗಟ್ಟಿ ಮಾಡಿಕೊಂಡಳು.

ಸಂಜೆ ತಮ್ಮ ಮುನೇಶನ ಫೋನು ಬಂತು.

"ಅಕ್ಕಾ, ನಾಮಕರಣಕ್ಕೆ ಸೋದರಮಾವನ ಉಡುಗೊರೆ ಹೈಚೇರು, ಪಾಪು ಕೂರೋ ಎತ್ತರದ ಕುರ್ಚಿ. ಯಲಹಂಕದ ಅಂಗಡೀಲಿ ನೋಡಿಟ್ಟಿದೀನಿ. ತೇಗದ್ದು. ಸಿಂಹಾಸನ ಇದ್ದಂಗೈತೆ. ವಾಟ್ಸಾಪಲ್ಲಿ ಫೋಟೋ ಹಾಕಿದೀನಿ ನೋಡು."

ಫೋಟೋದಲ್ಲಿ ದಪ್ಪದಪ್ಪ ನಾಲ್ಕು ಕಾಲು, ನೆಟ್ಟಗೆ ನಿಂತ ಬೆನ್ನು, ಮುಂದೆ ಅಡ್ಡಕ್ಕೊಂದು ಮರದ ಪಟ್ಟಿ. ಬೆಲ್ಟು ಇಲ್ಲ. ಮಡಚುವ ಮಾತೇ ಇಲ್ಲ.

ನಾರಾಯಣಮ್ಮನಿಗೆ ಖುಷಿಯೋ ಖುಷಿ. "ಬಾಗ್ಲಿಗೆ ಎದುರಾಗಿ ಇಕ್ಕಾನ. ಬಂದೋರಿಗೆಲ್ಲ ಕಾಣ್ಲಿ. ನಾಮಕರಣದ ದಿನ ಕೂಸ್ನ ಅದ್ರಾಗೇ ಕೂರ್ಸಿ ಆರತಿ ಎತ್ತಾನ."

"ಅತ್ತೆ, ಕೂಸಿಗಿನ್ನೂ ಕತ್ತೇ ನಿಂತಿಲ್ಲ. ಹೆಂಗೆ ಕೂರುತ್ತೆ?"

"ಸುತ್ತ ದಿಂಬು ಒತ್ತು. ನಡಕ್ಕೆ ಒಂದು ಹಳೇ ಸೀರೆ ಸುತ್ತು. ಯಾಕೆ ಕೂರಾಕಿಲ್ಲ?"

ಯಶೋಧಾ ಕೂಸನ್ನೆತ್ತಿಕೊಂಡು ಎದುರುಮನೆ ಕುಬ್ರಾಳ ಹತ್ತಿರ ಹೋದಳು. ಕುಬ್ರಾ ಒಂದು ಮಗು ಸಾಕಿದವಳು. ಮಗು ಹುಟ್ಟುವ ಮೊದಲೇ ನಾಲ್ಕು ಕಡೆ ವಿಚಾರಿಸಿ ಹೈಚೇರು ತಂದಿದ್ದವಳು.

"ಎಲ್ಲೇ ನಿನ್ನ ಕುರ್ಚಿ? ಕಾಣ್ತಾನೇ ಇಲ್ಲ."

"ಕಾಣ್ಬಾರ್ದು ಅಂತಾನೇ ತಂದಿದ್ದು." ಕುಬ್ರಾ ಬಾಗಿಲ ಹಿಂದಿನಿಂದ ಇಸ್ತ್ರಿ ಮೇಜಿನ ಹಾಗೆ ಚಪ್ಪಟೆಯಾಗಿದ್ದ ಕುರ್ಚಿ ತೆಗೆದು ಬಿಡಿಸಿದಳು. "ಟಕ್ ಅಂದಿದ್ದು ಕೇಳಿಸ್ತಾ? ಲಾಕ್ ಕೂತ್ಕೊಳ್ತು. ಆ ಸದ್ದು ಕೇಳದೆ ಮಗೂನ ಹಾಕ್ಬಾರ್ದು. ಈಗ ನೋಡು." ಅವಳು ಹಿಂದಿನ ಹಿಡಿ ಎಳೆದಾಗ ಕುರ್ಚಿಯ ಬೆನ್ನು ಮೆಲ್ಲಗೆ ಒರಗುತ್ತಾ ಒರಗುತ್ತಾ ಹಾಸಿಗೆಯಂತಾಯಿತು. "ಎಲ್ಲಾ ಹೈಚೇರೂ ಹುಟ್ಟಿದ ಕೂಸಿಗೆ ಆಗಲ್ಲ ಕಣೆ. ಹಿಂಗೆ ಪೂರ್ತಿ ಒರಗ್ಬೇಕು. ಹುಟ್ಟಿದಾಗಿಂದ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿರ್ಬೇಕು. ಬರೆದಿಲ್ವಾ, ಮುಟ್ಲೇಬೇಡ."

ಕೂಸನ್ನು ಮಲಗಿಸಿ ಭುಜದ ಮೇಲಿಂದ ಎರಡು, ಸೊಂಟಕ್ಕೆ ಎರಡು, ಕಾಲ ಮಧ್ಯೆ ಒಂದು ಬೆಲ್ಟು ಹಾಕಿದಳು. "ಕಾಲ ಮಧ್ಯದ್ದು ಇಲ್ಲಾಂದ್ರೆ ಮಗು ಜಾರಿ ಕತ್ತು ಸಿಕ್ಕಾಕೊಳ್ಳುತ್ತೆ. ನಮ್ಮೆಜಮಾನ್ರಿಗೂ ಇಂಥದ್ದೊಂದು ಸಿಕ್ಕಿದ್ರೆ ಚೆನ್ನಾಗಿತ್ತು. ಊಟದ ಮಧ್ಯೆ ಎದ್ದು ಫೋನಿಗೆ ಓಡೋದು ತಪ್ತಿತ್ತು."

ಯಶೋಧಾ ನಕ್ಕಳು. "ಇದ್ರಲ್ಲಿ ಊಟ ಯಾವಾಗಿಂದ?"

"ಈಗ್ಲೇ ಎಂಥಾ ಊಟ? ಆರು ತಿಂಗಳು ನಿನ್ನ ಹಾಲೇ. ಅಲ್ಲೀವರೆಗೂ ಎಚ್ಚರ ಇರೋವಾಗ ಇದ್ರಲ್ಲಿ ಮಲಗಿ ನಿನ್ನ ಮುಖ ನೋಡ್ಲಿ. ನಿದ್ದೆ ಬಂತಾ, ಎತ್ತಿ ಹಾಸಿಗೆಗೆ ಹಾಕು. ಆಮೇಲೆ ಕತ್ತು ನಿಂತು, ಕೂರೋ ಹಂಗಾದಾಗ ಬೆನ್ನು ನೆಟ್ಟಗೆ ಮಾಡಿ ಊಟ. ಮಲಗಿಸ್ಕೊಂಡು ತಿನ್ನಿಸಿದ್ರೆ ಗಂಟಲಿಗೆ ಸಿಗುತ್ತೆ."

ಮನೆಗೆ ಬಂದು ಹೇಳಿದರೆ ನಾರಾಯಣಮ್ಮ ಮೂಗು ಮುರಿದಳು. "ಬಾಗ್ಲ ಹಿಂದೆ ಕಸಪೊರಕೆ ಜೊತೆ ನಿಲ್ಸೋದು ಉಡುಗೊರೆನಾ? ನಿನ್ ತಮ್ಮನ ಮರ್ಯಾದೆ ಏನಾಗ್ಬೇಕು? ಜಾಗಕ್ಕೇನು, ಮನುಷ್ಯರು ಸುತ್ಕೊಂಡು ಓಡಾಡ್ತಾರೆ."

ಆಗ ಯಶೋಧಾ ಮಾವ ಮುನಿವೆಂಕಟಯ್ಯನ ಕಡೆ ತಿರುಗಿದಳು. ಊರಿನ ಹೊಲಗಳೆಲ್ಲ ಸೈಟುಗಳಾದಾಗ ಮನೆಮನೆಗೂ ಪಾಯದ ಗುರುತು ಹಾಕಿಕೊಟ್ಟ ಕೈ ಅವರದು. "ಮಾವ, ಮುನೇಶನ ಕುರ್ಚಿಗೊಂದು ಪಾಯದ ಗುರುತು ಹಾಕ್ಕೊಡ್ತೀರಾ?"

"ಕುರ್ಚಿಗೂ ಪಾಯನಾ?" ಅಂತ ಮಾವ ನಕ್ಕರು. ಆದರೆ ಎದ್ದರು. ಮುನೇಶನಿಂದ ಅಳತೆ ಕೇಳಿ, ದಾರ ಹಿಡಿದು, ಹೆಂಡತಿ ತೋರಿಸಿದ ಜಾಗದಲ್ಲೇ, ಬಾಗಿಲಿಗೆ ಎದುರಾಗಿ, ರಂಗೋಲಿ ಪುಡಿಯಲ್ಲಿ ಚೌಕ ಎಳೆದರು.

"ಇದರೊಳಗೆ ಪಾಪು ಇದೆ ಅಂತ ತಿಳ್ಕೊಳ್ಳಿ," ಅಂದಳು ಯಶೋಧಾ. "ನಾಳೆ ತನಕ ಇರಲಿ. ಯಾರೂ ತುಳಿಯದೆ ಇದ್ರೆ ಮುನೇಶ ಅದೇ ಕುರ್ಚಿ ತರಲಿ."

"ಆಗ್ಲೇಳು," ಅಂದಳು ನಾರಾಯಣಮ್ಮ.

ಬೆಳಿಗ್ಗೆ ಯಶೋಧಾಳ ಗಂಡ ಸಿದ್ದು ಡ್ಯೂಟಿಗೆ ಹೊರಟವನು ಬೂಟುಗಾಲಲ್ಲಿ ಒಂದು ಮೂಲೆ ಅಳಿಸಿದ. "ಇವ್ನಿಗೆ ಕಣ್ಣಿಲ್ಲ," ಅಂತ ನಾರಾಯಣಮ್ಮ ಬೈದಳು.

ಆಮೇಲೆ ಕೂಸಿನ ಸ್ನಾನದ ಹೊತ್ತು. ಬಾಣಂತಿ ಮನೆಯಲ್ಲಿ ನೀರು ಒಲೆಯ ಮೇಲೇ ಕಾಯಬೇಕು ಅನ್ನೋದು ನಾರಾಯಣಮ್ಮನ ಪದ್ಧತಿ. ಕುದಿಯುವ ನೀರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, ಹಬೆಗೆ ಮುಖ ತಿರುಗಿಸಿಕೊಂಡು, ದಿನಾ ನಡೆಯುವ ದಾರಿಯಲ್ಲೇ ಬಚ್ಚಲಿಗೆ ಹೋದಳು. ನೀರು ತುಳುಕಿತು. ಸೋಫಾದ ಮೇಲೆ ಕೂಸಿಗೆ ಹಾಲು ಕುಡಿಸುತ್ತಿದ್ದ ಯಶೋಧಾ ನೋಡಿದಳು.

ಖಾಲಿ ಪಾತ್ರೆ ಹಿಡಿದು ಬಂದ ನಾರಾಯಣಮ್ಮ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟಳು. ಚೌಕದ ನಡುವಿನಿಂದ ಅವಳ ಕಾಲಿನವರೆಗೂ ಬಿಳಿ ಹೆಜ್ಜೆಗಳು. ಚೌಕದೊಳಗೆ ಚೆಲ್ಲಿದ ನೀರಿನಿಂದ ಇನ್ನೂ ಹಬೆ ಏಳುತ್ತಿತ್ತು.

"ಯಶೋಧಾ, ನಾನು ಕೂಸಿನ್ ಮ್ಯಾಲೆ ಬಿಸ್ನೀರು ಚೆಲ್ದ್ನಾ?"

"ಗೆರೆ ಮೇಲೆ ಚೆಲ್ಲಿದ್ರಿ ಅತ್ತೆ. ಪಾಪು ನನ್ನ ತೊಡೆ ಮೇಲಿದೆ."

ನಾರಾಯಣಮ್ಮ ಬಂದು ಕೂಸಿನ ಕಾಲು ಮುಟ್ಟಿ ನೋಡಿದಳು. ಆಮೇಲೆ ಫೋನು ಕೇಳಿದಳು. "ಮುನೇಶಾ, ಸಿಂಹಾಸನ ಬ್ಯಾಡ ಕಣಪ್ಪ. ನಾನೇ ಅಂಗಡಿಗೆ ಬತ್ತೀನಿ, ಇರು."

ಅಂಗಡಿಯಲ್ಲಿ ಕೇಳಬೇಕಾದ್ದನ್ನೆಲ್ಲ ಅವಳೇ ಕೇಳಿದಳು. ಕುರ್ಚಿ ಹಿಡಿದು ಅಲ್ಲಾಡಿಸಿದಳು. ಕಾಲು ಅಗಲವಾಗಿ ಊರಿದೆಯಾ ನೋಡಿದಳು. ಬೆಲ್ಟುಗಳನ್ನು ಎಳೆದಳು. ಒಂದು ಕುರ್ಚಿಯನ್ನು "ಟಕ್ ಅನ್ಲಿಲ್ಲ, ಇನ್ನೊಂದು ತೆಗಿ" ಅಂತ ವಾಪಸ್ ಮಾಡಿದಳು. ಮನೆಗೆ ತಂದಾಗ ಮುನಿವೆಂಕಟಯ್ಯ ಮತ್ತೆ ಚೌಕ ಎಳೆದರು. ಈ ಸಲ ಅಕ್ಕಿ ಮೂಟೆ ಸರಿಸಿ, ರೂಮಿನ ಬಾಗಿಲ ಪಕ್ಕದ ಮೂಲೆಗೆ. ಅದು ಒಲೆಗೆ ದೂರ, ದಾರಿಗೆ ಅಡ್ಡವಿಲ್ಲ, ಅಡುಗೆಮನೆಯಿಂದ ಚೆನ್ನಾಗಿ ಕಾಣುತ್ತೆ.

ನಾಮಕರಣದ ದಿನ ನೆಂಟರ ಗೌರಮ್ಮ ಸುತ್ತ ನೋಡಿ, "ಸೋದರಮಾವನ ಉಡುಗೊರೆ ಎಲ್ಲಿ? ಕಾಣ್ತಾನೇ ಇಲ್ವಲ್ಲ," ಅಂತ ಚುಚ್ಚಿದಳು.

ನಾರಾಯಣಮ್ಮ ಬಾಗಿಲ ಹಿಂದಿನಿಂದ ಕುರ್ಚಿ ತೆಗೆದು ಬಿಡಿಸಿದಳು. ಟಕ್ ಅಂತು.

"ಕೇಳಿಸ್ತಾ ಗೌರಮ್ಮ? ಮುನೇಶ ಕೊಟ್ಟಿದ್ದು ಅದು."

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಗೂ ಕೂಸು ಬರುವುದಿದ್ದರೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಮನೆಯ ನೆಲ ನೋಡಿ. ಒಂದು ಹಿಡಿ ರಂಗೋಲಿ ಪುಡಿ ಸಾಕು. ಕುರ್ಚಿ ಇಡುವ ಜಾಗಕ್ಕೆ ಗೆರೆ ಎಳೆದು ಒಂದು ದಿನ ಎಲ್ಲರೂ ಓಡಾಡಿ. ಗೆರೆ ಅಳಿಸಿದರೆ ಅದು ಕೂಸಿನ ಜಾಗವಲ್ಲ. ಪೂರ್ತಿ ಒರಗುವ, ಐದು ಬೆಲ್ಟಿರುವ, ಮಡಚಿ ಬದಿಗಿಡುವ ಕುರ್ಚಿಯನ್ನೇ ಕೇಳಿ ತನ್ನಿ. ಜಾಗ ಉಳಿಯುತ್ತದೆ ಅಂತ ಅದನ್ನು ಕಟ್ಟೆಯ ಮೇಲೋ ಮೇಜಿನ ಮೇಲೋ ಏರಿಸಬೇಡಿ. ಇನ್ನೊಂದು ಮಾತು, ಎಂಥ ಒಳ್ಳೆ ಕುರ್ಚಿಯಾದರೂ ಅದಕ್ಕೆ ಕಣ್ಣಿಲ್ಲ. ಕೂಸು ಅದರಲ್ಲಿರುವಷ್ಟು ಹೊತ್ತೂ ನಿಮ್ಮ ಕಣ್ಣು ಅಲ್ಲೇ ಇರಲಿ.